ಪಿಚರ್‌ನನ್ನು ಸ್ಕೌಟ್ ಅಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಮಗನ ಬೇಸ್‌ಬಾಲ್ ಪಂದ್ಯಕ್ಕೆ ಮಡಚುವ ಕುರ್ಚಿ ಹೊತ್ತುಕೊಂಡು ಹೋಗುವ ತಂದೆತಾಯಿಗಳು, ಊರಿನಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ಮೇಜರ್ ಲೀಗ್ ಪಂದ್ಯ ಹಾಕಿಕೊಂಡು ಕೂರುವವರು, ಕ್ರಿಕೆಟ್ ಬಿಟ್ಟು ಬೇರೆ ಆಟವನ್ನು ಆಟವೆಂದೇ ಒಪ್ಪದ ನೆಂಟರು, ಇವರೆಲ್ಲ ಮಾತಿನಲ್ಲೋ ಪತ್ರದಲ್ಲೋ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಧಾಟಿಯಲ್ಲೇ ಇವೆ. ಆಟದ ಪರಿಚಯ ಇರುವವರು ನೇರವಾಗಿ ವೇಗದ ಭಾಗಕ್ಕೆ ಹೋಗಬಹುದು.

## ಮೊದಲು ತಿಳಿಯಬೇಕಾದ್ದು

ಸ್ಕೌಟ್ ಎಂದರೆ ನಮ್ಮ ಕ್ರಿಕೆಟ್ ಆಯ್ಕೆದಾರರ ಹಾಗೆಯೇ ತಾನೇ?

ಅಲ್ಲ. ಸ್ಕೌಟ್ ಎಂದರೆ ತಂಡಕ್ಕಾಗಿ ಊರೂರು ಸುತ್ತಿ ಹೊಸ ಪ್ರತಿಭೆ ಹುಡುಕುವವನು. ಆಯ್ಕೆದಾರರ ತಲೆಯಲ್ಲಿ ಇರುವುದು ಮುಂದಿನ ಸರಣಿ. ರಣಜಿಯಲ್ಲಿ ಯಾರು ಎಷ್ಟು ವಿಕೆಟ್ ತೆಗೆದರೆಂಬ ಲೆಕ್ಕ ಅವರ ಕೈಯಲ್ಲೇ ಇರುತ್ತದೆ. ಸ್ಕೌಟ್ ನೋಡುವುದು ಹದಿನೇಳರ ಹುಡುಗನನ್ನು, ಊಹಿಸುವುದು ಅವನ ಇಪ್ಪತ್ತೈದನೆಯ ವಯಸ್ಸನ್ನು. ಶಾಲಾ ಪಂದ್ಯದಲ್ಲಿ ಅವನು ಎಷ್ಟು ಜನರನ್ನು ಔಟ್ ಮಾಡಿದ ಎಂಬುದಕ್ಕೆ ಅಷ್ಟೇನೂ ಬೆಲೆಯಿಲ್ಲ. ಎದುರಿನ ಬ್ಯಾಟರ್‌ಗಳಲ್ಲಿ ಹೆಚ್ಚಿನವರು ಮುಂದೆ ವಕೀಲರೋ ಎಂಜಿನಿಯರ್‌ಗಳೋ ಆಗುವವರು.

ಒಂದು ಪ್ರದೇಶವನ್ನು ಸುತ್ತುವ ಸ್ಕೌಟ್ ಮೊದಲು ವರದಿ ಬರೆಯುತ್ತಾನೆ. ಅದು ಗಮನ ಸೆಳೆದರೆ, ಹಲವು ಪ್ರದೇಶಗಳ ಹುಡುಗರನ್ನು ಹೋಲಿಸಿ ನೋಡುವ ಹಿರಿಯ ಸ್ಕೌಟ್ ಬರುತ್ತಾನೆ. ಕೊನೆಗೆ ತಂಡದ ಸ್ಕೌಟಿಂಗ್ ನಿರ್ದೇಶಕರು ಪಟ್ಟಿ ಕಟ್ಟುತ್ತಾರೆ. ಅಮೆರಿಕ, ಕೆನಡಾ ಮತ್ತು ಪೋರ್ಟೊ ರಿಕೊದ ಹುಡುಗರು 1965ರಲ್ಲಿ ಆರಂಭವಾದ ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪದ್ಧತಿ) ಮೂಲಕವೇ ಬರಬೇಕು. ಈಗ ಅದರಲ್ಲಿ 20 ಸುತ್ತುಗಳಿವೆ. ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾ ಮುಂತಾದ ಕಡೆಯ ಹುಡುಗರ ಜೊತೆ ತಂಡಗಳು ನೇರ ಒಪ್ಪಂದ ಮಾಡಿಕೊಳ್ಳುತ್ತವೆ, ಅದೂ ಹದಿನಾರನೆಯ ವಯಸ್ಸಿಗೇ.

ಕ್ರಿಕೆಟ್ ಗೊತ್ತು, ಬೇಸ್‌ಬಾಲ್ ಗೊತ್ತಿಲ್ಲ. ಪಿಚರ್ ಮಾಡುವುದೇನು, ಎರಡು ಮಾತಿನಲ್ಲಿ ಹೇಳಿ.

ಹತ್ತು ಇಂಚು ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತು, ಓಟವಿಲ್ಲದೆ, ಮೊಣಕೈ ಮಡಚಿ ಚೆಂಡನ್ನು ಎಸೆಯುತ್ತಾನೆ. ಬ್ಯಾಟರ್ ನಿಲ್ಲುವ ಕಡೆಗೆ ಇರುವ ದೂರ 60 ಅಡಿ 6 ಇಂಚು. ವೇಗದ ಎಸೆತ ಅಲ್ಲಿಗೆ ತಲುಪಲು ಸುಮಾರು 0.4 ಸೆಕೆಂಡು ಸಾಕು. ಚೆಂಡು ನೆಲಕ್ಕೆ ಬಡಿದು ಏಳುವುದಿಲ್ಲವಾದ್ದರಿಂದ ಪಿಚ್‌ನ ಬಿರುಕು, ತೇವ ಯಾವುದೂ ಅವನ ಸಹಾಯಕ್ಕೆ ಬರುವುದಿಲ್ಲ. ಮಾಡುವ ಮೋಸವನ್ನೆಲ್ಲ ಗಾಳಿಯಲ್ಲೇ ಮಾಡಿ ಮುಗಿಸಬೇಕು.

ಸ್ಕೌಟ್ ವರದಿಯಲ್ಲಿ ಕೊಡುವ ಅಂಕಗಳು 20ರಿಂದ 80ರವರೆಗೆ ಮಾತ್ರ ಏಕೆ? ನೂರಕ್ಕೆ ಕೊಟ್ಟರೆ ಏನಾಗುತ್ತಿತ್ತು?

ಈ ಪದ್ಧತಿಯ ಹಿಂದೆ ಬ್ರಾಂಚ್ ರಿಕಿಯ ಹೆಸರು ಕೇಳಿಬರುತ್ತದೆ, ಆಧುನಿಕ ಮೇಜರ್ ಲೀಗ್‌ನ ಮೊದಲ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್‌ರನ್ನು ಅಲ್ಲಿಗೆ ತಂದ ಅದೇ ರಿಕಿ. ಇಲ್ಲಿ 50 ಎಂದರೆ ಮೇಜರ್ ಲೀಗ್‌ನ ಸರಾಸರಿ. ಅದರಿಂದ ಮೇಲಕ್ಕೋ ಕೆಳಕ್ಕೋ ಹತ್ತು ಅಂಕ ಹೋದರೆ ಒಂದು ಮಾನಕ ವಿಚಲನೆಯಷ್ಟು (ಸರಾಸರಿಯ ಸುತ್ತ ಅಂಕಗಳು ಚದುರುವ ಅಳತೆ) ದೂರ ಹೋದಂತೆ. ಹಾಗಾಗಿ 60 ಸಿಗುವುದೇ ಕಷ್ಟ, 70 ಅಪರೂಪ. 80 ಬರೆಯುವ ಮೊದಲು ಸ್ಕೌಟ್ ಪೆನ್ನು ಕೆಳಗಿಟ್ಟು ಇನ್ನೊಮ್ಮೆ ಯೋಚಿಸುತ್ತಾನೆ.

ಒಂದೊಂದು ಎಸೆತಕ್ಕೂ ಎರಡು ಅಂಕ ಇರುತ್ತವೆ: ಇವತ್ತಿನದು ಒಂದು, ಮುಂದೆ ತಲುಪಬಹುದಾದದ್ದು ಇನ್ನೊಂದು. ಶಾಲಾ ಹುಡುಗನ ಸ್ಲೈಡರ್‌ಗೆ (ಕೊನೆಗಳಿಗೆಯಲ್ಲಿ ಪಕ್ಕಕ್ಕೆ ತಿರುಗುವ ಎಸೆತ) ಇವತ್ತು 40, ಮುಂದೆ 60 ಎಂದು ಬರೆದಿದ್ದರೆ ಅದು ಹೊಗಳಿಕೆ. ಮಗನ ವರದಿಯಲ್ಲಿ 35 ಕಂಡು ಮುಖ ಸಣ್ಣದು ಮಾಡಿಕೊಳ್ಳುವ ಅಪ್ಪಂದಿರು ನೆನಪಿಡಬೇಕಾದದ್ದು ಇಷ್ಟೇ, ಹೋಲಿಕೆ ಪಕ್ಕದ ಶಾಲೆಯವನ ಜೊತೆಗಲ್ಲ, ಜಗತ್ತಿನ ಅತ್ಯುತ್ತಮ ಲೀಗ್‌ನ ಜೊತೆಗೆ.

## ವೇಗ

ವೇಗ ಅಳೆಯುವ ರಾಡಾರ್ ಗನ್‌ನಲ್ಲಿ ಗಂಟೆಗೆ 95 ಮೈಲಿ ಕಂಡರೆ ಮುಗಿಯಿತಲ್ಲ, ಇನ್ನೇನು ನೋಡುವುದಿದೆ?

2008ರ ಸುಮಾರಿಗೆ ಮೇಜರ್ ಲೀಗ್‌ನಲ್ಲಿ ಸಾಮಾನ್ಯ ಫಾಸ್ಟ್‌ಬಾಲ್‌ನ ಸರಾಸರಿ ವೇಗ ಗಂಟೆಗೆ 92 ಮೈಲಿಯ ಆಸುಪಾಸಿನಲ್ಲಿತ್ತು. ಈಗ ಅದು 94 ದಾಟಿದೆ, ಅಂದರೆ ಗಂಟೆಗೆ 151 ಕಿಲೋಮೀಟರ್‌ಗೂ ಹೆಚ್ಚು. ಒಂದು ಕಾಲದಲ್ಲಿ ಸ್ಕೌಟ್‌ಗಳನ್ನು ಸಾಲಾಗಿ ಎಳೆತರುತ್ತಿದ್ದ 95 ಇವತ್ತು ಸರಾಸರಿಗಿಂತ ಒಂದು ಹೆಜ್ಜೆ ಮುಂದೆ, ಅಷ್ಟೇ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಆ 95 ಯಾವಾಗ ಬಂತು? ಮೊದಲ ಇನಿಂಗ್ಸ್‌ನಲ್ಲಿ (ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್), ಮೈ ಬಿಸಿಯಾಗಿ, ಗೆಳತಿ ನೋಡುತ್ತಿರುವಾಗ ಒಮ್ಮೆ ಬಂದ 95ಕ್ಕೂ ಐದನೆಯ ಇನಿಂಗ್ಸ್‌ನಲ್ಲಿ ಬೇಸ್ (ರನ್‌ಗಾಗಿ ಓಡುವ ದಾರಿಯ ನಿಲುಗಡೆ) ಮೇಲೆ ಓಟಗಾರ ನಿಂತಿರುವಾಗಲೂ ಉಳಿದಿರುವ 93ಕ್ಕೂ ಸ್ಕೌಟ್ ಎರಡನೆಯದನ್ನೇ ಆರಿಸುತ್ತಾನೆ. ಆದ್ದರಿಂದ ವರದಿಯಲ್ಲಿ ಗರಿಷ್ಠ ವೇಗದ ಜೊತೆಗೆ ಎಸೆತಗಳು ಹೆಚ್ಚಾಗಿ ಯಾವ ವೇಗದ ನಡುವೆ ಇದ್ದವು, ಎಷ್ಟನೆಯ ಎಸೆತದ ನಂತರ ಕುಸಿದವು ಎಂಬುದೂ ಇರುತ್ತದೆ.

ಬರೀ ವೇಗ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದಕ್ಕೆ ಸ್ಟೀವ್ ಡಾಲ್ಕೋವ್‌ಸ್ಕಿಯ ಕಥೆಯೊಂದೇ ಸಾಕು. 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರ್ ಓರಿಯೋಲ್ಸ್‌ನ ಕಿರಿಯ ತಂಡಗಳಲ್ಲಿ ಆಡುತ್ತಿದ್ದ ಈ ಎಡಗೈ ಪಿಚರ್‌ನಷ್ಟು ವೇಗವಾಗಿ ಎಸೆದವರನ್ನು ತಾವು ಕಂಡಿಲ್ಲ ಎಂದವರು ಬಹಳ ಮಂದಿ. 1960ರಲ್ಲಿ ಸ್ಟಾಕ್‌ಟನ್ ತಂಡದ ಪರವಾಗಿ 170 ಇನಿಂಗ್ಸ್‌ಗಳಲ್ಲಿ ಆತ 262 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದ. ವಾಕ್, ಅಂದರೆ ನಾಲ್ಕು ಎಸೆತ ಗುರಿ ತಪ್ಪಿ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್, ಕೊಟ್ಟದ್ದೂ ಸರಿಯಾಗಿ 262. ಮೇಜರ್ ಲೀಗ್‌ನಲ್ಲಿ ಒಂದು ಎಸೆತವನ್ನೂ ಎಸೆಯದೆ ಅವನ ಆಟ ಮುಗಿಯಿತು.

ಹಳೆಯ ಕಾಲದ ದಿಗ್ಗಜರ ವೇಗ ಅಷ್ಟು ಕಡಿಮೆ ಇತ್ತೇ? ನಂಬಲಾಗುವುದಿಲ್ಲ.

ಪೂರ್ತಿ ನಂಬಬೇಕಾಗಿಯೂ ಇಲ್ಲ. ರಾಡಾರ್ ಗನ್ ಬೇಸ್‌ಬಾಲ್‌ಗೆ ಬಂದದ್ದು 1970ರ ದಶಕದಲ್ಲಿ, ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ತರಬೇತುದಾರ ಡ್ಯಾನಿ ಲಿಟ್ವೈಲರ್ ಅವರ ಉತ್ಸಾಹದಿಂದ. ಕೈಯಿಂದ ಹೊರಟ ಚೆಂಡು ಬ್ಯಾಟರ್ ಬಳಿ ಬರುವಷ್ಟರಲ್ಲಿ ಗಾಳಿಯ ತಡೆಯಿಂದ ಸುಮಾರು 8 ಮೈಲಿ ವೇಗ ಕಳೆದುಕೊಂಡಿರುತ್ತದೆ. ಈಗಿನ ಉಪಕರಣಗಳು ಕೈ ಬಿಟ್ಟ ಕೂಡಲೇ ಅಳೆಯುತ್ತವೆ. ಹಳೆಯ ಗನ್‌ಗಳಲ್ಲಿ ಕೆಲವು ದಾರಿಯ ಮಧ್ಯೆ, ಕೆಲವು ಇನ್ನೂ ಮುಂದೆ ಅಳೆಯುತ್ತಿದ್ದವು. ಎರಡು ಕಾಲದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಜಗಳವಾಡುವುದರಲ್ಲಿ ಅರ್ಥವಿಲ್ಲ.

ಇಬ್ಬರೂ 94ರಲ್ಲೇ ಎಸೆಯುತ್ತಾರೆ. ಒಬ್ಬನ ಫಾಸ್ಟ್‌ಬಾಲ್‌ಗೆ 50, ಇನ್ನೊಬ್ಬನದಕ್ಕೆ 60. ಇದು ಪಕ್ಷಪಾತವಲ್ಲವೇ?

ಬ್ಯಾಟರ್‌ನನ್ನು ಕೇಳಿದರೆ ಅವನೂ ಅದೇ ಅಂಕ ಕೊಡುತ್ತಾನೆ. ಹಿಮ್ಮುಖವಾಗಿ ಬಲವಾಗಿ ತಿರುಗುತ್ತಾ ಬರುವ ಚೆಂಡು ಗುರುತ್ವಕ್ಕೆ ಬೀಳಬೇಕಾದಷ್ಟು ಬೀಳುವುದಿಲ್ಲ. ಬ್ಯಾಟರ್‌ನ ಕಣ್ಣು ಸಾವಿರಾರು ಎಸೆತ ನೋಡಿ ಒಂದು ಬೀಳುವಿಕೆಗೆ ಪಳಗಿರುತ್ತದೆ. ಚೆಂಡು ಆ ಲೆಕ್ಕಕ್ಕಿಂತ ಎರಡು ಇಂಚು ಮೇಲೆ ಬಂದರೆ ಬ್ಯಾಟ್ ಕೆಳಗೆ ಬೀಸಿ ಹೋಗುತ್ತದೆ. ಮೇಜರ್ ಲೀಗ್‌ನಲ್ಲಿ ಇಂಥ ಎಸೆತದ ಸರಾಸರಿ ತಿರುಗುವಿಕೆ ನಿಮಿಷಕ್ಕೆ 2,300 ಸುತ್ತುಗಳ ಆಸುಪಾಸು. ಆದರೆ ಸುತ್ತುಗಳ ಸಂಖ್ಯೆಯಷ್ಟೇ ಅದರ ಅಕ್ಷದ ದಿಕ್ಕೂ ಮುಖ್ಯ. ಬಂದೂಕಿನ ಗುಂಡಿನಂತೆ ತಿರುಗುವ ಚೆಂಡು ಎಷ್ಟು ಸುತ್ತಿದರೂ ಮೇಲೆ ನಿಲ್ಲುವುದಿಲ್ಲ.

ಇನ್ನೊಂದು, ಚೆಂಡನ್ನು ಎಲ್ಲಿ ಬಿಡುತ್ತಾನೆ ಎಂಬುದು. ದಿಬ್ಬದಿಂದ ಏಳು ಅಡಿ ಮುಂದಕ್ಕೆ ಚಾಚಿ ಬಿಡುವವನ ಎಸೆತಕ್ಕೆ ಪ್ರಯಾಣದ ದೂರವೇ ಕಡಿಮೆ. ಗನ್ ಒಂದೇ ಅಂಕಿ ತೋರಿಸಿದರೂ ಬ್ಯಾಟರ್‌ಗೆ ಅದು ಹೆಚ್ಚು ವೇಗವಾಗಿ ಬಂದಂತೆ ಅನ್ನಿಸುತ್ತದೆ. ಕೊನೆಯ ಕ್ಷಣದವರೆಗೆ ಚೆಂಡನ್ನು ಮೈಯ ಮರೆಯಲ್ಲಿ ಬಚ್ಚಿಡುವವನಿಗೂ ಇದೇ ಲಾಭ.

## ಉಳಿದ ಎಸೆತಗಳು, ಕೈ ಮತ್ತು ಮೈ

ಸ್ಲೈಡರ್, ಕರ್ವ್‌ಬಾಲ್, ಚೇಂಜ್‌ಅಪ್ ಎಲ್ಲವೂ ಬರಲೇಬೇಕೇ?

ಪಂದ್ಯ ಆರಂಭಿಸಿ ಐದಾರು ಇನಿಂಗ್ಸ್ ನಿಭಾಯಿಸುವವನಾಗಬೇಕಾದರೆ ಕನಿಷ್ಠ ಮೂರು ನಂಬಿಕಸ್ತ ಎಸೆತಗಳು ಬೇಕು ಎಂಬುದು ಬಹುಕಾಲದ ಅಳತೆ. ಅದೇ ಬ್ಯಾಟರ್ ಎರಡನೆಯ, ಮೂರನೆಯ ಸಲ ಎದುರಾಗುತ್ತಾನೆ, ಮೊದಲ ಸಲ ಕಂಡದ್ದನ್ನು ಮರೆತಿರುವುದಿಲ್ಲ. ಎರಡೇ ಎಸೆತ ಇರುವವನು ಕೊನೆಯಲ್ಲಿ ಬಂದು ಒಂದು ಇನಿಂಗ್ಸ್ ಎಸೆಯುವ ರಿಲೀವರ್ ಆಗುತ್ತಾನೆ. ಅವನ ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ.

ಸ್ಲೈಡರ್‌ನಲ್ಲಿ ನೋಡುವುದು, ಫಾಸ್ಟ್‌ಬಾಲ್ ಎಂದು ಬ್ಯಾಟರ್ ನಂಬಿದ ಮೇಲೆ ಅದು ತಿರುಗುತ್ತದೆಯೇ, ಮೊದಲೇ ಗುಟ್ಟು ಬಿಟ್ಟುಕೊಡುತ್ತದೆಯೇ ಎಂದು. ಚೇಂಜ್‌ಅಪ್ ಫಾಸ್ಟ್‌ಬಾಲ್‌ಗಿಂತ ಸುಮಾರು 8ರಿಂದ 10 ಮೈಲಿ ನಿಧಾನ ಇರಬೇಕು, ಆದರೆ ಕೈ ಬೀಸುವ ವೇಗ ಮಾತ್ರ ಒಂದಿಷ್ಟೂ ಕಡಿಮೆಯಾಗಬಾರದು. ಇಲ್ಲೊಂದು ತೊಡಕಿದೆ. ಶಾಲೆಯಲ್ಲಿ 93 ಮೈಲಿಯ ಹುಡುಗನಿಗೆ ಚೇಂಜ್‌ಅಪ್‌ನ ಅಗತ್ಯವೇ ಬೀಳುವುದಿಲ್ಲ. ಎಸೆದರೆ ಎದುರಿನವನಿಗೆ ಉಪಕಾರ ಮಾಡಿದಂತೆ. ಹಾಗಾಗಿ ಅನುಭವಿ ಸ್ಕೌಟ್ ಪಂದ್ಯಕ್ಕೆ ಮೊದಲೇ ಬಂದು, ಹುಡುಗ ಮೈ ಬಿಸಿ ಮಾಡಿಕೊಳ್ಳುವಾಗ ಎಸೆಯುವ ನಾಲ್ಕಾರು ಚೇಂಜ್‌ಅಪ್‌ಗಳನ್ನು ನೋಡಿಟ್ಟುಕೊಳ್ಳುತ್ತಾನೆ.

ಪಂದ್ಯದ ಮಧ್ಯೆ ಸ್ಕೌಟ್‌ಗಳು ಎದ್ದು ಜಾಗ ಬದಲಾಯಿಸುತ್ತಾರಲ್ಲ, ಬೇಸರವಾಗಿಯೇ?

ಬ್ಯಾಟರ್‌ನ ಹಿಂದೆ ಕುಳಿತರೆ ಚೆಂಡಿನ ತಿರುವು ಕಾಣುತ್ತದೆ, ಪಿಚರ್‌ನ ಮೈ ಕಾಣುವುದಿಲ್ಲ. ಬಲಗೈಯವನಾದರೆ ಮೂರನೆಯ ಬೇಸ್‌ನ ಬದಿಗೆ, ಎಡಗೈಯವನಾದರೆ ಮೊದಲ ಬೇಸ್‌ನ ಬದಿಗೆ ಹೋದರೆ ಎದೆ, ಭುಜ, ಕೈಯ ಚಲನೆ ತೆರೆದು ಕಾಣುತ್ತದೆ. ಕೈಯಲ್ಲಿ ಸ್ಟಾಪ್‌ವಾಚ್ ಇದ್ದರೆ ಬೇಸ್ ಮೇಲೆ ಓಟಗಾರ ಇರುವಾಗ ಪಿಚರ್ ಅಲುಗಿದ ಕ್ಷಣದಿಂದ ಚೆಂಡು ಕ್ಯಾಚರ್‌ಗೆ (ಬ್ಯಾಟರ್‌ನ ಹಿಂದಿರುವ ಕೀಪರ್) ಮುಟ್ಟುವವರೆಗಿನ ಸಮಯ ನೋಡುತ್ತಿದ್ದಾನೆ ಎಂದುಕೊಳ್ಳಿ. 1.3 ಸೆಕೆಂಡು ಇದ್ದರೆ ಸರಿ. 1.5 ಆದರೆ ಎದುರಾಳಿಗಳು ಬೇಸ್ ಕದಿಯಲು, ಅಂದರೆ ಚೆಂಡು ಹೊಡೆಯುವುದನ್ನು ಕಾಯದೆ ಮುಂದಿನ ಬೇಸ್‌ಗೆ ಓಡಲು, ಸಾಲುಗಟ್ಟುತ್ತಾರೆ.

ಎಸೆಯುವ ಶೈಲಿ ಸರಿಯಿಲ್ಲ ಎಂದು ಬರೆದುಬಿಟ್ಟರೆ ಹುಡುಗನ ಕಥೆ ಮುಗಿಯಿತೇ?

ಕಣ್ಣಿಗೆ ಚಂದ ಕಾಣುವುದು ಬೇರೆ, ಪ್ರತಿ ಸಲ ಅದೇ ರೀತಿ ಎಸೆಯಬಲ್ಲನೇ ಎಂಬುದು ಬೇರೆ. ಸ್ಕೌಟ್‌ಗೆ ಬೇಕಾದದ್ದು ಎರಡನೆಯದು. ಟಿಮ್ ಲಿನ್ಸಕಮ್ ಐದಡಿ ಹನ್ನೊಂದು ಇಂಚಿನ ಸಣ್ಣ ಮೈಯನ್ನು ಬಿಲ್ಲಿನಂತೆ ಬಾಗಿಸಿ ಎಸೆಯುತ್ತಿದ್ದುದನ್ನು ಕಂಡು ಹಲವು ತಂಡಗಳು ಹಿಂಜರಿದವು. 2006ರಲ್ಲಿ ಹತ್ತನೆಯ ಆಯ್ಕೆಯಾಗಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಅವರನ್ನು ತೆಗೆದುಕೊಂಡಿತು. 2008 ಮತ್ತು 2009ರಲ್ಲಿ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವರದಾಯಿತು. ಹಿಂಜರಿದವರ ಅನುಮಾನ ಪೂರ್ತಿ ಸುಳ್ಳಾಗಲೂ ಇಲ್ಲ, ಅವರ ಉಚ್ಛ್ರಾಯದ ಕಾಲ ಬಹಳ ದಿನ ಉಳಿಯಲಿಲ್ಲ. ಆದರೂ ಆ ನಾಲ್ಕೈದು ವರ್ಷಗಳನ್ನು ಬೇಡ ಎನ್ನುವ ತಂಡ ಯಾವುದಿದೆ?

ನಮ್ಮ ಹುಡುಗ ಐದು ಅಡಿ ಒಂಬತ್ತು ಇಂಚು. ಗಿಡ್ಡನಾದರೆ ಸ್ಕೌಟ್ ತಿರುಗಿಯೂ ನೋಡುವುದಿಲ್ಲವಂತೆ, ನಿಜವೇ?

ಅರ್ಧ ನಿಜ. ಉದ್ದ ಕೈಕಾಲು, ಅಗಲ ಭುಜ, ಇನ್ನೂ ತುಂಬಿಕೊಳ್ಳದ ಮೈ ಇರುವ ಹದಿನೇಳರ ಹುಡುಗನನ್ನು ಕಂಡರೆ ಸ್ಕೌಟ್‌ಗಳಿಗೆ ಆಸೆ ಹೆಚ್ಚು. ಮೂರು ವರ್ಷದಲ್ಲಿ ಹತ್ತು ಕೆಜಿ ಸ್ನಾಯು ಸೇರಿದರೆ ವೇಗವೂ ಏರುತ್ತದೆ ಎಂಬ ಲೆಕ್ಕ. ಈಗಾಗಲೇ ಬೆಳೆದು ನಿಂತ ಗಟ್ಟಿ ಮೈಯವನಲ್ಲಿ ಆ ಉಳಿಕೆ ಕಾಣುವುದಿಲ್ಲ. ಈ ಒಲವು ಎಷ್ಟೋ ಸಲ ಪೂರ್ವಗ್ರಹವಾಗಿದೆ. ಪೆಡ್ರೊ ಮಾರ್ಟಿನೆಜ್‌ರ ಮೈಕಟ್ಟು ಆರಂಭದ ಪಿಚರ್‌ಗೆ ಸಾಲದು ಎಂದು ಅನುಮಾನಿಸಿ ಲಾಸ್ ಏಂಜಲೀಸ್ ಡಾಜರ್ಸ್ 1993ರ ಋತುವಿನ ನಂತರ ಅವರನ್ನು ಮಾಂಟ್ರಿಯಲ್‌ಗೆ ಕೊಟ್ಟುಬಿಟ್ಟಿತು. ಅವರು ಮುಂದೆ ಮೂರು ಸೈ ಯಂಗ್ ಗೆದ್ದರು. ಐದಡಿ ಏಳಿಂಚಿನ ಮಾರ್ಕಸ್ ಸ್ಟ್ರೋಮನ್ 2012ರಲ್ಲಿ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಇನ್ನೊಂದು ತುದಿಯಲ್ಲಿ ಆರಡಿ ಹತ್ತಿಂಚಿನ ರ್‍ಯಾಂಡಿ ಜಾನ್‌ಸನ್ ಆ ಉದ್ದ ಕೈಕಾಲುಗಳನ್ನು ಹತೋಟಿಗೆ ತರಲು ಹಲವು ವರ್ಷ ತೆಗೆದುಕೊಂಡರು. ಎತ್ತರದವನಿಗೆ ಸ್ಕೌಟ್ ತಾನಾಗಿಯೇ ಕಾಯುತ್ತಾನೆ, ಗಿಡ್ಡನಿಗೆ ಕಾಯುವಂತೆ ಅವನನ್ನು ಒಪ್ಪಿಸಬೇಕಾಗುತ್ತದೆ. ಅನ್ಯಾಯವೆಂದರೆ ಅದೇ.

ವಾಕ್ ಕೊಡದಿದ್ದರೆ ನಿಯಂತ್ರಣ ಇದೆ ಎಂದೇ ಅಲ್ಲವೇ?

ಸ್ಟ್ರೈಕ್ ವಲಯದೊಳಗೆ (ಬ್ಯಾಟರ್ ಹೊಡೆಯಬೇಕಾದ ಚೆಂಡು ಹಾದುಹೋಗುವ ಚೌಕ) ಎಸೆಯುವುದು ಒಂದು ವಿದ್ಯೆ, ವಲಯದ ಯಾವ ಮೂಲೆಗೆಂದು ನಿರ್ಧರಿಸಿ ಅಲ್ಲಿಗೇ ಎಸೆಯುವುದು ಅದಕ್ಕಿಂತ ದೊಡ್ಡ ವಿದ್ಯೆ. ಇದನ್ನು ನೋಡಲು ಪಿಚರ್‌ನನ್ನು ಬಿಟ್ಟು ಕ್ಯಾಚರ್‌ನ ಗವಸನ್ನು ನೋಡಿ. ಹೊರಮೂಲೆಯಲ್ಲಿ ಹಿಡಿದ ಗವಸು ಒಳಮೂಲೆಗೆ ಹಾರಿ ಚೆಂಡು ಹಿಡಿದರೆ, ಅಂಪೈರ್ ಸ್ಟ್ರೈಕ್ ಎಂದರೂ ಸ್ಕೌಟ್ ಅದನ್ನು ತಪ್ಪಿದ ಎಸೆತ ಎಂದೇ ಗುರುತಿಸಿಕೊಳ್ಳುತ್ತಾನೆ. ವೇಗ ಹೆಚ್ಚಿಸುವ ದಾರಿಗಳು ಈಗ ಬೇಕಾದಷ್ಟು ಇವೆ. ಈ ಕರಾರುವಾಕ್ಕುತನವನ್ನು ಕಲಿಸುವ ಖಚಿತ ದಾರಿ ಇನ್ನೂ ಸಿಕ್ಕಿಲ್ಲ, ಆದ್ದರಿಂದಲೇ ಇದರ ಭವಿಷ್ಯದ ಅಂಕ ಬರೆಯುವಾಗ ಕೈ ನಡುಗುವುದು. ಗ್ರೆಗ್ ಮ್ಯಾಡಕ್ಸ್ ಗನ್‌ಗೆ ಎಂದೂ ಬೆರಗು ಹುಟ್ಟಿಸದೆ 355 ಪಂದ್ಯ ಗೆದ್ದದ್ದು ಇದರ ಬಲದಿಂದ.

## ಇನ್ನೂ ಆಳಕ್ಕೆ

ಮೊಣಕೈಗೆ ಶಸ್ತ್ರಚಿಕಿತ್ಸೆ ಆದವನನ್ನು ಯಾರು ತಾನೇ ಆರಿಸುತ್ತಾರೆ?

ಧಾರಾಳವಾಗಿ ಆರಿಸುತ್ತಾರೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ನ ಮೊಣಕೈಯಲ್ಲಿ ಹರಿದ ಅಸ್ಥಿರಜ್ಜುವಿನ ಜಾಗಕ್ಕೆ ಇನ್ನೊಂದು ಕೈಯ ಸ್ನಾಯುರಜ್ಜು ಜೋಡಿಸಿದರು. ಜಾನ್ 1976ರಲ್ಲಿ ಮರಳಿದರು. ಅವರ 288 ಗೆಲುವುಗಳಲ್ಲಿ 164 ಬಂದದ್ದು ಶಸ್ತ್ರಚಿಕಿತ್ಸೆಯ ನಂತರ. ಇವತ್ತು ಆ ಶಸ್ತ್ರಚಿಕಿತ್ಸೆಗೇ ಅವರ ಹೆಸರು. ಮರಳಲು ಸಾಮಾನ್ಯವಾಗಿ ಹನ್ನೆರಡರಿಂದ ಹದಿನೆಂಟು ತಿಂಗಳು. ಭುಜದ ಗಾಯಕ್ಕೆ ಇಂಥ ಭರವಸೆ ಇಲ್ಲ, ತಂಡಗಳು ಅದಕ್ಕೇ ಹೆಚ್ಚು ಹೆದರುತ್ತವೆ.

ಆದರೆ ಆಯ್ಕೆಯ ನಂತರ ನಡೆಯುವ ವೈದ್ಯಕೀಯ ಪರೀಕ್ಷೆ ಎಷ್ಟೋ ಬದುಕುಗಳನ್ನು ಅಡಿಮೇಲು ಮಾಡಿದೆ. 1996ರಲ್ಲಿ ಟೆಕ್ಸಸ್ ರೇಂಜರ್ಸ್ ಮೊದಲ ಸುತ್ತಿನಲ್ಲಿ ಆರ್.ಎ. ಡಿಕಿಯನ್ನು ಆರಿಸಿ 8,10,000 ಡಾಲರ್ ಕೊಡಲು ಸಿದ್ಧವಿತ್ತು. ಪತ್ರಿಕೆಯೊಂದರ ಮುಖಪುಟದ ಚಿತ್ರದಲ್ಲಿ ಅವರ ಬಲಗೈ ವಿಚಿತ್ರವಾಗಿ ಜೋತಾಡುತ್ತಿರುವುದು ತಂಡದವರ ಕಣ್ಣಿಗೆ ಬಿತ್ತು. ಪರೀಕ್ಷಿಸಿದರೆ ಮೊಣಕೈಯಲ್ಲಿ ಆ ಅಸ್ಥಿರಜ್ಜುವೇ ಇಲ್ಲ! ಮೊತ್ತ 75,000 ಡಾಲರ್‌ಗೆ ಇಳಿಯಿತು. ವರ್ಷಗಳ ಅಲೆದಾಟದ ನಂತರ, ಚೆಂಡನ್ನು ಹೆಚ್ಚುಕಡಿಮೆ ತಿರುಗಿಸದೆ ಬಿಡುವ ನಕಲ್‌ಬಾಲ್ ಕಲಿತು, ಡಿಕಿ 2012ರಲ್ಲಿ ಸೈ ಯಂಗ್ ಗೆದ್ದರು.

ನಮಗೆ ಹತ್ತಿರದ ಉದಾಹರಣೆ ಕುಮಾರ್ ರಾಕರ್, ತಾಯಿಯ ಕಡೆಯಿಂದ ಭಾರತೀಯ ಮೂಲದವರು. 2019ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪರವಾಗಿ ಡ್ಯೂಕ್ ವಿರುದ್ಧ ಒಂದೂ ಹಿಟ್ ಕೊಡದೆ 19 ಸ್ಟ್ರೈಕ್‌ಔಟ್ ಮಾಡಿದಾಗ ಅವರ ಸ್ಲೈಡರ್ ದೇಶಕ್ಕೇ ಪರಿಚಯವಾಯಿತು. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ ಹತ್ತನೆಯವರಾಗಿ ಆರಿಸಿ, ವೈದ್ಯಕೀಯ ವರದಿ ನೋಡಿ ಒಪ್ಪಂದದಿಂದ ಹಿಂದೆ ಸರಿಯಿತು. ಮರುವರ್ಷ ರೇಂಜರ್ಸ್ ಅವರನ್ನು ಮೂರನೆಯವರಾಗಿಯೇ ಆರಿಸಿತು. 2023ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ, 2024ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್ ಪ್ರವೇಶ. ಒಂದೇ ಕೈ, ಎರಡು ತಂಡಗಳ ವೈದ್ಯರು, ಎರಡು ತೀರ್ಮಾನ.

ಗರಿಷ್ಠ ವೇಗ ಮತ್ತು ತಿರುವಿನ ಬೆನ್ನಟ್ಟುವಿಕೆಯೇ ಗಾಯಗಳ ಏರಿಕೆಗೆ ಮುಖ್ಯ ಕಾರಣವಿರಬಹುದು ಎಂದು ಮೇಜರ್ ಲೀಗ್ ಬೇಸ್‌ಬಾಲ್ ತಾನೇ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಅದೇ ವೇಗಕ್ಕೆ ಡ್ರಾಫ್ಟ್‌ನಲ್ಲಿ ಹಣ ಸುರಿಯುವವರೂ ಅದೇ ಲೀಗ್‌ನ ತಂಡಗಳು. ಹದಿಹರೆಯದವನಿಗೆ ಇದರಿಂದ ಯಾವ ಸಂದೇಶ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ.

ಕ್ಯಾಮೆರಾ, ಕಂಪ್ಯೂಟರ್ ಎಲ್ಲವನ್ನೂ ಅಳೆಯುವಾಗ ಸ್ಕೌಟ್‌ಗೆ ಸಂಬಳ ಏಕೆ?

ಅಳೆಯುವ ಕೆಲಸವನ್ನು ಯಂತ್ರ ಕಿತ್ತುಕೊಂಡಿದೆ, ನಿಜ. ಮೇಜರ್ ಲೀಗ್ ಮೈದಾನಗಳಲ್ಲಿ ಚೆಂಡು, ಆಟಗಾರರ ಚಲನೆ ಅಳೆಯುವ ಸ್ಟ್ಯಾಟ್‌ಕ್ಯಾಸ್ಟ್ ವ್ಯವಸ್ಥೆ 2015ರಿಂದ ಇದೆ, 2020ರಿಂದ ಅದರ ಕಣ್ಣುಗಳು ಹಾಕ್‌ಐ ಕ್ಯಾಮೆರಾಗಳು. ಎಲ್‌ಬಿಡಬ್ಲ್ಯು ತೀರ್ಪಿನಲ್ಲಿ ನಾವು ನೋಡುವ ಹಾಕ್‌ಐ ಸಂಸ್ಥೆಯದೇ. ದೊಡ್ಡ ಕಾಲೇಜುಗಳಲ್ಲೂ ರಾಡಾರ್ ಉಪಕರಣಗಳು ಪ್ರತಿ ಎಸೆತದ ತಿರುಗುವಿಕೆ ಬರೆದಿಡುತ್ತವೆ. ಅದನ್ನು ಕಣ್ಣಂದಾಜಿನಲ್ಲಿ ಹೇಳುತ್ತೇನೆ ಎನ್ನುವ ಸ್ಕೌಟ್‌ಗೆ ಕೆಲಸ ಹೋದರೆ ನನಗೆ ಕನಿಕರವಿಲ್ಲ.

ಯಂತ್ರ ಕಾಣದ್ದು ಬೇರೆ ಇದೆ. ಗೆಳೆಯ ಸುಲಭದ ಚೆಂಡು ಕೈಬಿಟ್ಟಾಗ ಹುಡುಗನ ಭುಜ ಕುಸಿಯುತ್ತದೆಯೇ? ತರಬೇತುದಾರ ಹೇಳಿದ ತಿದ್ದುಪಡಿ ಮುಂದಿನ ವಾರದ ಎಸೆತದಲ್ಲಿ ಕಾಣುತ್ತದೆಯೇ? ಹೊಡೆತ ತಿಂದ ಇನಿಂಗ್ಸ್‌ನ ನಂತರ ಬೆಂಚಿನ ಯಾವ ತುದಿಯಲ್ಲಿ ಹೋಗಿ ಕೂರುತ್ತಾನೆ? ಸ್ಕೌಟ್ ಮನೆಗೆ ಹೋಗಿ ತಂದೆತಾಯಿಯ ಜೊತೆ ಮಾತನಾಡುವುದು, ಶಾಲೆಯ ಸಿಬ್ಬಂದಿಯನ್ನು ವಿಚಾರಿಸುವುದು ಇದಕ್ಕೇ. ಕ್ಯಾಮೆರಾ ಇಲ್ಲದ ಮೈದಾನಗಳೂ ಜಗತ್ತಿನಲ್ಲಿ ಬೇಕಾದಷ್ಟು ಇವೆ. ಡೊಮಿನಿಕನ್ ಹುಡುಗ ಫ್ರಾಂಬರ್ ವಾಲ್ಡೆಸ್ 21 ವರ್ಷ ತುಂಬುವವರೆಗೂ ಯಾರ ಕೈಗೂ ಸೇರಿರಲಿಲ್ಲ. ಅಲ್ಲಿನ ಲೆಕ್ಕದಲ್ಲಿ ಅದು ಮುದಿ ವಯಸ್ಸು. 2015ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ 10,000 ಡಾಲರ್‌ಗೆ ಅವರನ್ನು ಸೇರಿಸಿಕೊಂಡಿತು. 2022ರಲ್ಲಿ ಆಸ್ಟ್ರೋಸ್ ವಿಶ್ವ ಸರಣಿ ಗೆದ್ದಾಗ ಅವರು ಆ ತಂಡದ ಮುಂಚೂಣಿಯ ಪಿಚರ್.

ಇಷ್ಟೆಲ್ಲ ನೋಡಿದ ಮೇಲೂ ಸ್ಕೌಟ್‌ಗಳು ಎಡವುತ್ತಾರಂತೆ?

ಯಾವಾಗಲೂ. ಶಾಲೆಯಿಂದ ನೇರವಾಗಿ ಬಂದ ಪಿಚರ್ ಡ್ರಾಫ್ಟ್‌ನ ಮೊಟ್ಟಮೊದಲ ಆಯ್ಕೆಯಾದದ್ದು 2025ರವರೆಗೆ ಮೂರೇ ಸಲ, ಮೂವರೂ ಎಡಗೈಯವರು. 1973ರಲ್ಲಿ ಡೇವಿಡ್ ಕ್ಲೈಡ್‌ನನ್ನು ರೇಂಜರ್ಸ್ ಶಾಲೆ ಮುಗಿದ ಕೆಲವೇ ವಾರಗಳಲ್ಲಿ ಮೇಜರ್ ಲೀಗ್ ದಿಬ್ಬದ ಮೇಲೆ ನಿಲ್ಲಿಸಿತು, ಮುಖ್ಯವಾಗಿ ಖಾಲಿ ಮೈದಾನ ತುಂಬಿಸಲು. ಮೈದಾನ ತುಂಬಿತು, ಹುಡುಗ ಒಟ್ಟು 18 ಗೆಲುವುಗಳಲ್ಲೇ ಮುಗಿದುಹೋದ. 1991ರ ಬ್ರಿಯನ್ ಟೇಲರ್‌ಗೆ ಯಾಂಕೀಸ್ 15.5 ಲಕ್ಷ ಡಾಲರ್ ಕೊಟ್ಟಿತು. 1993ರ ಕೊನೆಯಲ್ಲಿ ಜಗಳವೊಂದರಲ್ಲಿ ಭುಜಕ್ಕೆ ತೀವ್ರ ಗಾಯವಾಯಿತು, ಮೇಜರ್ ಲೀಗ್ ಕಾಣಲಿಲ್ಲ. 2014ರ ಬ್ರೇಡಿ ಏಕನ್ ಜೊತೆ ಮೊಣಕೈ ಪರೀಕ್ಷೆಯ ನಂತರ ಆಸ್ಟ್ರೋಸ್‌ಗೆ ಒಪ್ಪಂದವೇ ಆಗಲಿಲ್ಲ. ಅವರೂ ಮೇಲಕ್ಕೆ ತಲುಪಲಿಲ್ಲ.

ಇನ್ನೊಂದು ಕಡೆ ಜಾನ್ ಸ್ಮೋಲ್ಟ್ಸ್ 22ನೆಯ ಸುತ್ತಿನವರು, ಮಾರ್ಕ್ ಬರ್ಲಿ 38ನೆಯ ಸುತ್ತಿನವರು. ಜೇಕಬ್ ಡಿಗ್ರಾಮ್ ಕಾಲೇಜಿನಲ್ಲಿ ಹೆಚ್ಚಿನ ಕಾಲ ಶಾರ್ಟ್‌ಸ್ಟಾಪ್ (ಎರಡನೆಯ, ಮೂರನೆಯ ಬೇಸ್‌ಗಳ ನಡುವಿನ ಫೀಲ್ಡರ್) ಆಗಿದ್ದು 2010ರಲ್ಲಿ ಒಂಬತ್ತನೆಯ ಸುತ್ತಿನಲ್ಲಿ ಹೋದರು. ಎಲ್ಲವೂ ಕಣ್ಣೆದುರೇ ಇದ್ದು, ಎಲ್ಲರೂ ಒಪ್ಪಿ, ಅದು ನಿಜವೂ ಆದ ಅಪರೂಪದ ಆಯ್ಕೆ 2023ರ ಪಾಲ್ ಸ್ಕೀನ್ಸ್: ಮರುವರ್ಷವೇ ಲೀಗ್‌ನ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ.

ಭಾರತದಿಂದ ಯಾರಾದರೂ ಹೋಗಿದ್ದಾರೆಯೇ? ನಮ್ಮ ವೇಗದ ಬೌಲರ್‌ಗಳನ್ನು ಕರೆದೊಯ್ದರೆ ಆಗದೇ?

2008ರಲ್ಲಿ ಭಾರತದಲ್ಲಿ ನಡೆದ ಎಸೆತದ ಸ್ಪರ್ಧೆಯೊಂದರಿಂದ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅಮೆರಿಕಕ್ಕೆ ಹೋದರು. ಕ್ಯಾಲಿಫೋರ್ನಿಯಾದಲ್ಲಿ ಟಾಮ್ ಹೌಸ್ ಅವರ ಬಳಿ ತರಬೇತಿ ಪಡೆದು, ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡರು. ಎಡಗೈ ಪಿಚರ್ ರಿಂಕು ಕಿರಿಯ ಲೀಗ್‌ಗಳಲ್ಲಿ ಕೆಲವು ಋತು ಚೆನ್ನಾಗಿಯೇ ಎಸೆದರು. ಆಮೇಲೆ ಗಾಯಗಳು ಬೆನ್ನು ಬಿಡಲಿಲ್ಲ, ಅವರು ವೃತ್ತಿಪರ ಕುಸ್ತಿಗೆ ಹೊರಟುಹೋದರು.

ಗಮನಿಸಿ, ಇಬ್ಬರೂ ಬೌಲರ್‌ಗಳಲ್ಲ, ಜಾವೆಲಿನ್ ಎಸೆಯುತ್ತಿದ್ದವರು. ಕ್ರಿಕೆಟ್ ಬೌಲರ್‌ನ ವೇಗದ ದೊಡ್ಡ ಪಾಲು ಓಟದಿಂದ ಬರುತ್ತದೆ, ಮತ್ತು ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೇರ ಮಾಡದಂತೆ ಅವನು ಬಾಲ್ಯದಿಂದ ಪಳಗಿರುತ್ತಾನೆ. ಪಿಚರ್‌ಗೆ ಬೇಕಾದದ್ದು ನಿಂತಲ್ಲಿಂದ ಸೊಂಟ, ಭುಜ, ಮೊಣಕೈಗಳನ್ನು ಒಂದರ ಹಿಂದೊಂದು ಬಿಚ್ಚುವ ಚಾವಟಿ ಕೈ. ಆ ಕಣ್ಣಿನಿಂದ ನಮ್ಮ ಮೈದಾನಕ್ಕೆ ಸ್ಕೌಟ್ ಬಂದರೆ ಹೊಸ ಚೆಂಡು ಹಿಡಿದವನಿಗಿಂತ, ಡೀಪ್ ಮಿಡ್‌ವಿಕೆಟ್‌ನಿಂದ ನೆಲ ಮುಟ್ಟಿಸದೆ ಕೀಪರ್‌ನ ಗವಸಿಗೆ ಎಸೆಯುವ ಹುಡುಗನ ಹೆಸರನ್ನು ಮೊದಲು ಬರೆದುಕೊಳ್ಳುತ್ತಾನೆ.